ಯಾರ ಕೈಯ ಮೊಳ?

ಹೊಸ ಲ್ಯಾಬ್ ಕೋಟಿನ ಗಂಜಿ ವಾಸನಿಗೆ ಗಜೇಂದ್ರಗಡದ ಅಜ್ಜನ ಮಗ್ಗ ಕಣ್ಣಮುಂದ ಬಂತು. ಸಣ್ಣಾಕಿದ್ದಾಗ, ಹಾಸ್ಟೆಲ್ ರಜಾದಾಗ, ಅಜ್ಜ ನನಗ ಸೀರಿ ನೂಲು ಅಳೆಯೋ ಕೆಲಸ ಕೊಟ್ಟಿದ್ದ. ನನ್ನ ಪುಟ್ಟ ಕೈಲೆ ಅಳೆದು, ಗತ್ತಿಲೆ "ಹನ್ನೆರಡು" ಅಂದೆ. ಅಜ್ಜ ಕತ್ತರಿಸೇಬಿಟ್ಟ. ಮಗ್ಗಕ್ಕ ಏರಿಸಿದರ ನೂಲು ಗಿಡ್ಡ!

"ಹನ್ನೆರಡು ಮೊಳ ಖರೇ. ಆದ್ರ ಯಾರ ಮೊಳ, ಯವ್ವಾ? ಈ ಸೀರಿ ಗೊಂಬಿ ಉಡ್ತೈತೇನು?"

ಆಮೇಲೆ ಒಂದ್ ಮಾತೂ ಬೈಲಿಲ್ಲ. ಒಂದೊಂದೇ ಎಳಿಗೆ ನೂಲು ಜೋಡಿಸಿ ಗಂಟು ಹಾಕ್ತ ಎರಡು ದಿನ ಕೂತ.

ಇವತ್ತು ಲ್ಯಾಬಿನಾಗ ಕೊಟ್ಟ ಡೇಟಾದಾಗ ಬರೇ ನಂಬರ್ ಇದ್ವು.

"ಸೆಂಟಿಮೀಟರ್ ಅಂತ ಬರಿ, ಯಾರ್ ಕೇಳ್ತಾರ?" ಅಂದ್ಳು ಗೆಳತಿ.

ನಾನು ಕೈ ಎತ್ತಿದೆ. "ಸರ್, ಇದರ ಯೂನಿಟ್ ಯಾವುದ್ರಿ?"

ಸರ್ ಹಾಳಿ ತಿರುಗಿಸಿ ನೋಡಿದ್ರು, ಎಲ್ಲೂ ಯೂನಿಟ್ ಇರಲಿಲ್ಲ. ಆಮೇಲೆ ಎಲ್ಲರಿಗೂ ಪೆನ್ ಕೆಳಗಿಡ್ರಿ ಅಂದ್ರು.