ಕಂಬದ ಹಿಂದೆ ಬಗ್ಗಿದ್ದು

ಗೆಳೆಯರೇ, ಇವತ್ತು ಮಧ್ಯಾಹ್ನ ನಮ್ಮ ಓನರ್ ಆಂಟಿ ಮೇಲಿನ ಮನೆಯಿಂದ ದಡದಡ ಇಳಿದು ಬಂದು ನನ್ನ ಬಾಗಿಲು ಬಡಿದರು. "ಏನಪ್ಪಾ, ನಿಮ್ಮನೇಲಿ ನೀರು ಸೋರ್ತಿದೆ. ಮೇಲ್ಗಡೆವರೆಗೂ ಕೇಳಿಸ್ತಿದೆ!"

ಸೋರ್ತಿದ್ದದ್ದು ನನ್ನ ಗೇಮಲ್ಲಿ. ಒಬ್ಬನೇ ಆಡೋ ಶೂಟಿಂಗ್ ಗೇಮ್ ಅದು. ಪಾಳುಬಿದ್ದ ಸುರಂಗ, ಕತ್ತಲು, ಎಲ್ಲೋ ತೊಟ್ಟಿಕ್ಕೋ ನೀರು. ಜೊತೆಗೆ ನನ್ನ ಹೊಸ ಸ್ಪೀಕರ್ ಬೇರೆ. ಎಷ್ಟು ಹೇಳಿದ್ರೂ ನಂಬದೆ ಆಂಟಿ ಬಾತ್‌ರೂಮು, ಅಡುಗೆಮನೆ ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿ, ಕೊನೆಗೆ ಟಿವಿ ಮುಂದೆ ಬಂದು ನಿಂತರು.

"ಇಷ್ಟು ಸೋರ್ತಿದ್ರೂ ಅಲ್ಲಿ ಒಬ್ಬರೂ ನಿಲ್ಸಲ್ವಾ?"

"ಅದೇ ಆಂಟಿ ಈ ಗೇಮಿನ ಸೊಗಸು. ವಾತಾವರಣ ಬೊಂಬಾಟ್. ಶತ್ರುಗಳು ಮಾತ್ರ ಶುದ್ಧ ಪೆದ್ದರು. ಕಂಬದ ಹಿಂದೆ ಬಗ್ಗಿದ್ರೆ ಸಾಕು, ನನ್ನ ಮರೆತೇಬಿಡ್ತಾರೆ."

ಬಗ್ಗಿ ತೋರಿಸಿದೆ. ಬಂದೂಕು ಹಿಡಿದವನು ಅತ್ತಿತ್ತ ನೋಡಿ ವಾಪಸ್ ಹೋದ.

ಆಂಟಿ ಬಾಗಿಲ ಹತ್ರ ಹೋಗಿ ತಿರುಗಿ ನಿಂತರು. "ನೀರು ಪೋಲು ಮಾಡ್ಬೇಡ ಅಂದಿದ್ರೂ ಹೋದ ಭಾನುವಾರ ಪೈಪ್ ಹಿಡಿದು ಬೈಕ್ ತೊಳೀತಿದ್ಯಲ್ಲ, ನಾನು ಇಳಿದು ಬಂದಾಗ ನೀನು ಬಗ್ಗಿ ಕೂತಿದ್ದೂ ಕಂಬದ ಹಿಂದೇನೇ. ನಾನೇನೂ ಮರೆತಿಲ್ಲಪ್ಪ."

ಈ ಗೇಮ್ ಮಾಡಿದವರು ಶತ್ರುಗಳಿಗೆ ಬುದ್ಧಿ ತುಂಬೋ ಮುಂಚೆ ರಾಮಮೂರ್ತಿ ನಗರದ ನಮ್ಮ ಆಂಟಿ ಮನೇಲಿ ಒಂದು ತಿಂಗಳು ಬಾಡಿಗೆಗಿರಬೇಕಿತ್ತು.