ಕ್ಲಾವಾಳ ಕೋಟಿನೊಳಗೆ ಪಳಗಿದ ನರಿ

ಕ್ಲಾವಾ ಯೆಗೋರೊವ್ನಾ ನಮ್ಮ ಸೈಬೀರಿಯಾದ ನರಿ ಫಾರಮ್ಮಿಗೆ ಬರುವ ಮೊದಲು ಹದಿನೆಂಟು ವರ್ಷ ಬೇರೊಂದು ಕಡೆ ನರಿಗಳ ಚರ್ಮ ಸುಲಿದವಳು. ಅದನ್ನೇನೂ ಮುಚ್ಚಿಡುತ್ತಿರಲಿಲ್ಲ. ನನ್ನ ಜೊತೆ ಪಂಜರ ತೊಳೆಯುತ್ತ, ಈಗಲಾದರೂ ಇವುಗಳಿಗೆ ಗಂಜಿ ಹಾಕುವ ಕೆಲಸ ಸಿಕ್ಕಿತಲ್ಲ, ನನ್ನ ಪುಣ್ಯ ಎನ್ನುತ್ತಿದ್ದಳು.

ಕೈ ಒಡ್ಡಿದರೆ ಕಚ್ಚದ, ಹುಟ್ಟಿನಿಂದಲೇ ಮನುಷ್ಯನ ಹತ್ತಿರ ಬರುವ ಮರಿಗಳನ್ನು ಆರಿಸಿ, ಅವುಗಳಿಂದ ಮಾತ್ರ ಮುಂದಿನ ಪೀಳಿಗೆ ಪಡೆಯುವುದು ಫಾರಮ್ಮಿನ ಕೆಲಸ. ನರಿ ನಾಯಿಯಂತಾಗಲು ಬರೀ ರಕ್ತ ಸಾಕೇ ಎಂದು ನೋಡಬೇಕಿತ್ತು. ಅದಕ್ಕೇ ಪರೀಕ್ಷೆಯ ಹೊತ್ತು ಬಿಟ್ಟರೆ ಮರಿಗಳನ್ನು ಯಾರೂ ಮುಟ್ಟುವಂತಿರಲಿಲ್ಲ. ಮುದ್ದು ಮಾಡಿದರೆ ಪ್ರಯೋಗ ಕೆಟ್ಟಂತೆ. ಕೊನೆಯ ಪರೀಕ್ಷೆಯಲ್ಲೂ ಕಚ್ಚಿದವು ಚರ್ಮಕ್ಕೆ ಹೋಗುತ್ತಿದ್ದವು.

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ವೆಷ್ಕಾ ಎಂಬ ಹೆಣ್ಣುಮರಿ ಮೊದಲ ಪರೀಕ್ಷೆಯಲ್ಲೇ ಕೈಗವಸನ್ನು ಕಚ್ಚಿ ಹರಿದುಹಾಕಿತು. ಕ್ಲಾವಾ ದಿನಾ ಊಟದ ಬಿಡುವಿನಲ್ಲಿ ಅದನ್ನು ತನ್ನ ಹತ್ತಿ ತುಂಬಿದ ಕೋಟಿನೊಳಗೆ ಇಟ್ಟುಕೊಂಡು ಬ್ರೆಡ್ಡು ತಿನ್ನಿಸಿದಳು. ನನಗೆ ಗೊತ್ತಿತ್ತು, ನಾನೂ ಸುಮ್ಮನಿದ್ದೆ. ಕೊನೆಯ ಪರೀಕ್ಷೆಯಲ್ಲಿ ವೆಷ್ಕಾ ಬಾಲ ಅಲ್ಲಾಡಿಸುತ್ತ ಬಂದು ವಿಜ್ಞಾನಿ ರಾಯಿಸಾ ಲ್ವೋವ್ನಾ ಅವರ ಬೆರಳು ನೆಕ್ಕಿತು. ಅವರು ಹಿಗ್ಗಿ ಹೀರೇಕಾಯಿಯಾಗಿ ಮೊದಲ ದರ್ಜೆ ಬರೆದುಕೊಂಡರು.

ಕ್ಲಾವಾ ಮೂರು ದಿನ ಊಟದ ಬಿಡುವಿನಲ್ಲೂ ಪಂಜರ ತೊಳೆದಳು. ಹೇಳಿದರೆ ವೆಷ್ಕಾ ಸಾಯುತ್ತದೆ. ಹೇಳದಿದ್ದರೆ ಕಚ್ಚುವ ರಕ್ತ ತಳಿಗೆ ಸೇರಿ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. ನಾಲ್ಕನೆಯ ದಿನ ನೇರ ರಾಯಿಸಾರ ಬಳಿ ಹೋಗಿ ಒಪ್ಪಿಕೊಂಡಳು.

"ಪಳಗಿಸಿದ್ದು ನಾನು. ಶಿಕ್ಷೆ ನಂಗೇ ಕೊಡಿ. ಅದನ್ನ ಚರ್ಮಕ್ಕೆ ಕಳಿಸ್ಬೇಡಿ."

"ಬದಲಿಗೆ ನಿಮ್ಮನ್ನ ಕಳಿಸ್ಲಾ ತಾಯಿ? ನಿಮ್ಮ ಕೂದಲಲ್ಲಿ ಒಂದು ಟೋಪೀನೂ ಆಗಲ್ಲ," ಎಂದರು ರಾಯಿಸಾ. ಆಮೇಲೆ ಅರ್ಧ ಗಂಟೆ ಉಗಿದರು. ದರ್ಜೆಯನ್ನು ಹೊಡೆದುಹಾಕಿದರು. ಆದರೆ ವೆಷ್ಕಾವನ್ನು ತಳಿಗೆ ಸೇರದ ಬೇರೆ ಸಾಲಿನ ಪಂಜರಕ್ಕೆ ಹಾಕಿಸಿದರು. ಕೈಯಿಂದ ಕಲಿತದ್ದು ಮುಂದೆ ಹುಟ್ಟುವ ಮರಿಗೆ ಇಳಿಯುತ್ತದೋ ಅದನ್ನೂ ನೋಡೇಬಿಡೋಣ, ಈ ಸಲ ಮಾತ್ರ ಮರಿಗಳನ್ನು ಮುಟ್ಟಿದರೆ ಜೋಕೆ, ಎಂದರು.

ಮರುವರ್ಷ ಹುಟ್ಟಿದ ನಾಲ್ಕು ಮರಿಗಳಲ್ಲಿ ಮೂರು ಪರೀಕ್ಷೆಯ ಕೈಗೆ ಹಲ್ಲು ಹಾಕಿದವು. ತಾಯಿ ಕಲಿತದ್ದು ತಾಯಿಯಲ್ಲೇ ಉಳಿದಿತ್ತು. ಆ ಮೂರೂ ಚರ್ಮಕ್ಕೆ ಹೋದವು. ಕ್ಲಾವಾ ಅಡ್ಡ ಬರಲಿಲ್ಲ.

ವೆಷ್ಕಾ ಒಂಬತ್ತು ವರ್ಷ ಬದುಕಿತು. ಅಷ್ಟೂ ವರ್ಷ, ಅಣಬೆಯ ಕಾಲ ಮುಗಿದ ಮೇಲೆ, ಕ್ಲಾವಾ ಉಪ್ಪಿನಲ್ಲಿ ಹಾಕಿದ ಅಣಬೆಯ ಜಾಡಿಯೊಂದನ್ನು ರಾಯಿಸಾರ ಮೇಜಿನ ಮೇಲಿಟ್ಟು ಬರುತ್ತಿದ್ದಳು. ಅವರು ಅರ್ಧ ನಮಗೇ ಹಂಚುತ್ತಿದ್ದರು. ಉಪ್ಪು ಯಾವಾಗಲೂ ಜಾಸ್ತಿ. ಆದರೂ ಯಾರೂ ತಿನ್ನದೆ ಬಿಡುತ್ತಿರಲಿಲ್ಲ.