ದೇವರಿಗೆ ‘ನೀನು’ ಎನ್ನಲು ಕಲಿತದ್ದು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೂರನೆಯ ವರ್ಷ ನಾನು ಬೈಬಲನ್ನು ಮೊದಲ ಪುಟದಿಂದ ಓದಲು ಕೂತೆ. ಶಾಲೆ ಮುಗಿದಿತ್ತು, ಮದುವೆಯ ಮಾತು ಇನ್ನೂ ಶುರುವಾಗಿರಲಿಲ್ಲ. ಸುಂಟಿಕೊಪ್ಪದಲ್ಲಿ ಬಸ್ಸು ನಿಲ್ಲುವ ಜಾಗದ ಹತ್ತಿರ ಅಪ್ಪನ ಹೊಲಿಗೆ ಅಂಗಡಿ. ಅದರ ಹಿಂದಿನ ಎರಡು ಕೋಣೆ ಮತ್ತು ಅಡುಗೆಮನೆ ನಮ್ಮ ವಾಸ. ನಾನು ಹಗಲೆಲ್ಲ ಅಂಗಿಗಳಿಗೆ ಕಾಜಾ ಹಾಕುತ್ತಿದ್ದೆ, ಗುಂಡಿ ಹೊಲಿಯುತ್ತಿದ್ದೆ. ಬೆಳಿಗ್ಗೆ ಮಡಿಕೇರಿ ಕಡೆಯ ಮೊದಲ ಬಸ್ಸು ಬರುವ ಮುಂಚೆ ಒಂದು ಅಧ್ಯಾಯ ಓದಬೇಕು ಎಂಬುದು ನಾನೇ ಮಾಡಿಕೊಂಡ ನಿಯಮ. ಓದಿದ ದಿನ ದಿನಚರಿಯಲ್ಲಿ ತಾರೀಕಿನ ಪಕ್ಕ ಒಂದು ಗೆರೆ, ಓದದ ದಿನ ಒಂದು ಸೊನ್ನೆ. ಆ ಡಿಸೆಂಬರಿನಲ್ಲಿ ಎರಡು ಸೊನ್ನೆಗಳಿವೆ. ಎರಡೂ ಜ್ವರದವು.

ಓದುವುದು ಸುಲಭವಾಗಿತ್ತು. ಕಷ್ಟವಿದ್ದದ್ದು ಪ್ರಾರ್ಥನೆಯಲ್ಲಿ.

ನಮ್ಮ ಮನೆಯಲ್ಲಿ ಒಂದು ದಿನ ದೊಡ್ಡವರಾದರೂ ‘ನೀವು’. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ‘ನೀವು’. ‘ನೀನು’ ಎಂದರೆ ತಂಗಿ ಮತ್ತು ಬೆಕ್ಕು. ಹೀಗಿರುವಾಗ ದೇವರಿಗೆ ಮಾತ್ರ ಬೈಬಲಿನ ಉದ್ದಕ್ಕೂ ‘ನೀನು’ ಎಂದಿದೆ, ದೇವಾಲಯದಲ್ಲಿ ಉಪದೇಶಿಗಳೂ ‘ನೀನು’ ಎನ್ನುತ್ತಾರೆ. ಬೇರೆಯವರು ಹೇಳುವಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಶನಿವಾರದ ಮನೆ ಪ್ರಾರ್ಥನೆಯಲ್ಲಿ ನನ್ನ ಸರದಿ ಬಂದಾಗ ಮಾತ್ರ ನಾಲಿಗೆ ತಡವರಿಸುತ್ತಿತ್ತು. ಸಾಮಾನ್ಯವಾಗಿ ಎಲ್ಲರೂ ಕೂಡಿ ಹೇಳುವ ಪ್ರಾರ್ಥನೆಯನ್ನೇ ಶುರುಮಾಡಿ ಪಾರಾಗುತ್ತಿದ್ದೆ. ಒಂದು ಶನಿವಾರ ಅಪ್ಪ, “ಇವತ್ತು ನಿನ್ನ ಮಾತಲ್ಲೇ ಹೇಳು, ನೋಡುವ” ಎಂದರು. ಕಣ್ಣು ಮುಚ್ಚಿ ಹೇಳಿದೆ: “ತಂದೆಯೇ, ನೀನು ನಮ್ಮನ್ನು ಕಾಪಾಡಿದ್ದೀರಿ. ನಾಳೆಯೂ ನೀವು ನಮ್ಮ ಜೊತೆ ಇರು.”

ತಂಗಿ ಇನ್ನೂ ಸೀರೆ ಉಡದ ಹುಡುಗಿ, ನಗು ತಡೆಯಲು ಅಮ್ಮನ ಸೆರಗನ್ನೇ ಬಾಯಿಗೆ ತುರುಕಿಕೊಂಡಳು. ಆಮೆನ್ ಆದ ಕೂಡಲೇ, “ಅಕ್ಕ ದೇವರನ್ನು ಒಂದ್ಸಲ ಬೆಂಚಲ್ಲಿ ಕೂರಿಸ್ತಾಳೆ, ಒಂದ್ಸಲ ಚಾಪೆಯಲ್ಲಿ ಕೂರಿಸ್ತಾಳೆ” ಎಂದಳು. ಅಪ್ಪನೂ ನಕ್ಕರು. ನಾನೂ ನಕ್ಕೆ, ಆದರೆ ಊಟ ಸೇರಲಿಲ್ಲ.

ಜನವರಿಯ ಕೊನೆಯಲ್ಲಿ ಉಪದೇಶಿಗಳು ಅಂಗಡಿಗೆ ಬಂದರು. ಪಾದ್ರಿಗಳು ತಿಂಗಳಿಗೊಮ್ಮೆ ಮಡಿಕೇರಿಯಿಂದ ಬರುತ್ತಿದ್ದರಿಂದ, ಉಳಿದ ಭಾನುವಾರಗಳ ಆರಾಧನೆಯನ್ನು ಇವರೇ ನಡೆಸುತ್ತಿದ್ದರು. ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮಲ್ಲಿ ಬೆಳೆಹಬ್ಬ. ಎಸ್ಟೇಟಿನ ಕೂಲಿಯವರು ಇರುವ ಲೈನುಗಳಿಂದ, ಹಳ್ಳಿಗಳಿಂದ ಜನ ಬಂದು ತಮ್ಮ ಬೆಳೆಯಲ್ಲಿ ಒಂದಿಷ್ಟನ್ನು ದೇವಾಲಯಕ್ಕೆ ಒಪ್ಪಿಸುತ್ತಾರೆ, ಮತ್ತೆ ಅದನ್ನು ಅಂಗಳದಲ್ಲಿ ಏಲಂ ಹಾಕುತ್ತಾರೆ.

“ಈ ಸಲ ಸ್ತೋತ್ರದ ಪ್ರಾರ್ಥನೆ ದೊಡ್ಡವಳು ಮಾಡ್ಲಿ. ದಿನಾ ಓದ್ತಾಳಂತಲ್ಲ” ಎಂದರು ಉಪದೇಶಿಗಳು.

“ಮಾಡ್ತಾಳೆ, ಮಾಡ್ತಾಳೆ” ಎಂದರು ಅಪ್ಪ, ಯಂತ್ರ ನಿಲ್ಲಿಸದೆಯೇ.

ನನ್ನನ್ನು ಯಾರೂ ಕೇಳಲಿಲ್ಲ. ಮೂರು ವಾರ ಉಳಿದಿತ್ತು. ಜನರ ಮುಂದೆ ತಪ್ಪಿದರೆ ಎಂಬ ಹೆದರಿಕೆ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯ ಕೊರೆಯುತ್ತಿತ್ತು. ದಿನಚರಿಯಲ್ಲಿ ಅಷ್ಟು ಗೆರೆಗಳಿವೆ. ಆದರೂ ನಾನು ಯಾರ ಮಾತನ್ನು ಓದುತ್ತಿದ್ದೇನೋ ಅವರ ಎದುರು ನನಗೆ ಒಂದು ವಾಕ್ಯ ನೆಟ್ಟಗೆ ಬರುವುದಿಲ್ಲ. ಹಾಗಾದರೆ ನನಗೆ ಅವರ ಪರಿಚಯ ಇದೆಯೇ? ಇದನ್ನು ಫೆಬ್ರವರಿ ಒಂದರ ಪುಟದಲ್ಲಿ ಹೀಗೆಯೇ ಬರೆದಿದ್ದೇನೆ, ‘ಅವರ’ ಎಂದೇ.

ಮೊದಲು ಒಂದು ಪ್ರಾರ್ಥನೆಯನ್ನು ಪೂರ್ತಿ ‘ನೀವು’ ಹಾಕಿ ಬರೆದೆ. ಓದಿದರೆ ಮಡಿಕೇರಿಯ ಕಚೇರಿಗೆ ಕೊಡುವ ಅರ್ಜಿಯ ಹಾಗಿತ್ತು. ‘ನೀನು’ ಹಾಕಿ ಬೇರೆ ಹಾಳೆಯಲ್ಲಿ ಬರೆದೆ. ಈಗ ತಂಗಿಗೆ ಕೆಲಸ ಹೇಳಿದ ಹಾಗಾಯಿತು. ಎರಡನ್ನೂ ಒಲೆಗೆ ಹಾಕಿದೆ.

ಆ ವಾರಗಳಲ್ಲಿ ನನ್ನ ಓದು ಬೇರೆ ಥರ ಆಯಿತು. ಅಧ್ಯಾಯ ಮುಗಿಸುವ ಅವಸರ ಹೋಗಿ, ಪುಟಗಳನ್ನು ಹಿಂದೆ ಮುಂದೆ ತಿರುವಿ, ಯಾರು ಯಾರು ದೇವರ ಹತ್ತಿರ ಹೇಗೆ ಮಾತಾಡುತ್ತಾರೆ ಎಂದು ನೋಡುತ್ತಾ ಹೋದೆ. ಒಬ್ಬ ಮುದುಕ ಒಂದು ಊರನ್ನು ಉಳಿಸಲು, ಸಂತೆಯಲ್ಲಿ ಚೌಕಾಸಿ ಮಾಡುವ ಹಾಗೆ, ಅಲ್ಲಿ ಇರಬೇಕಾದ ಒಳ್ಳೆಯವರ ಲೆಕ್ಕವನ್ನು ಐವತ್ತರಿಂದ ಹತ್ತಕ್ಕೆ ಇಳಿಸುತ್ತಾನೆ. ನಡುನಡುವೆ ಕೋಪ ಮಾಡಿಕೊಳ್ಳಬೇಡ ಎಂದು ಬೇಡಿಕೊಳ್ಳುತ್ತಾನೆ. ಮಗುವಿಲ್ಲದ ಒಬ್ಬ ಹೆಂಗಸು ಬರೀ ತುಟಿ ಆಡಿಸುತ್ತಾಳೆ, ನೋಡಿದವರು ಕುಡಿದಿದ್ದಾಳೆ ಎಂದುಕೊಳ್ಳುತ್ತಾರೆ. ಕೀರ್ತನೆಗಳಲ್ಲಂತೂ ಕೆಲವರು ಜಗಳವನ್ನೇ ಆಡುತ್ತಾರೆ: ಎಷ್ಟು ದಿನ ಸುಮ್ಮನಿರುತ್ತೀ, ಎದ್ದು ಬಾ ಎನ್ನುವ ಧಾಟಿ. ಬೈದವರು, ಹೊಗಳಿದವರು, ಅತ್ತವರು ಎಂದು ಮೂರು ಕಾಲಂ ಹಾಕಿ ಎಣಿಸಿದೆ. ನಾಲ್ಕನೆಯ ದಿನಕ್ಕೇ ಎಣಿಕೆ ಕೆಟ್ಟಿತು. ಒಬ್ಬನೇ ಮನುಷ್ಯ ಒಂದೇ ಕೀರ್ತನೆಯಲ್ಲಿ ಮೂರನ್ನೂ ಮಾಡುತ್ತಿದ್ದ. ಕಾಲಂ ಬಿಟ್ಟು ಸುಮ್ಮನೆ ಓದಿದೆ. ಕೆಲವು ದಿನ ಒಂದೇ ಕೀರ್ತನೆಯನ್ನು ಎರಡು ಸಲ ಓದಿದ್ದೂ ಉಂಟು. ಅದಕ್ಕೂ ಗೆರೆ ಒಂದೇ.

ಒಂದು ಬೆಳಿಗ್ಗೆ ಅಜ್ಜಿ ಒಲೆಯ ಮುಂದೆ ಕಾಫಿ ಕುದಿಸುತ್ತಿದ್ದರು. ಅವರಿಗೆ ಓದಲು ಬಾರದು. ನಾನು ಗಟ್ಟಿಯಾಗಿ ಓದುವುದನ್ನು ಅಲ್ಲಿಂದಲೇ ಕೇಳುತ್ತಿದ್ದರು. ಪುಸ್ತಕ ಮುಚ್ಚಿ ಒಳಗೆ ಹೋಗಿ, ಅವರನ್ನೇ ಕೇಳಿದೆ.

“ಅಜ್ಜಿ, ನೀವು ದೇವರಿಗೆ ‘ನೀನು’ ಅಂತೀರಲ್ಲ, ನಾಚಿಕೆ ಆಗಲ್ವಾ?”

“ಎಂತಕ್ಕೆ ನಾಚಿಕೆ?”

“ಅಜ್ಜನಿಗೆ ಹಾಗೆ ಅಂತಿದ್ರಾ?”

ಅಜ್ಜಿ ಊದುಗೊಳವೆ ಕೆಳಗಿಟ್ಟರು. “ನಿನ್ನಜ್ಜನಿಗಾ? ಮದುವೆ ಆದ ಹೊಸದ್ರಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಕೆಮ್ಮುದು.”

“ಕೆಮ್ಮುದಾ?”

“ಹೌದು. ಒಂದ್ಸಲ ಕೆಮ್ಮಿದ್ರೆ ಊಟಕ್ಕೆ ಬನ್ನಿ ಅಂತ. ಎರಡ್ಸಲ ಕೆಮ್ಮಿದ್ರೆ ಯಾರೋ ಬಂದಿದ್ದಾರೆ ಅಂತ. ಅತ್ತೆ ನಂಗೆ ಕ್ಷಯ ಅಂತಲೇ ತಿಳ್ಕೊಂಡಿದ್ರು, ಕಷಾಯ ಬೇರೆ ಕುಡಿಸಿದ್ರು.”

ನಾನು ನಕ್ಕು ಮುಗಿಸುವವರೆಗೆ ಅವರು ಕಾದರು.

“ಆಮೇಲೆ?”

“ಆಮೇಲೆ ಎಂತ. ಒಂದೇ ಒಲೆ, ಒಂದೇ ಸೂರು. ಯಾವಾಗ ‘ನೀನು’ ಬಾಯಿಗೆ ಬಂತು ಅಂತ ನಂಗೇ ಗೊತ್ತಿಲ್ಲ. ಜನರ ಮುಂದೆ ಅಲ್ಲ, ಇಬ್ರೇ ಇರುವಾಗ. ಕಲ್ತು ಬಂದದ್ದಲ್ಲ ಅದು. ದಿನಾ ಹತ್ರ ಕೂತು ಬಂದದ್ದು. ನೀ ಈಗ ಕೆಮ್ತಾ ಇದ್ದಿ, ಅಷ್ಟೆ. ಲೋಟ ತಾ.”

ಆ ದಿನದ ಗೆರೆಯ ಪಕ್ಕ ‘ಕೆಮ್ಮು’ ಎಂದು ಮಾತ್ರ ಬರೆದಿದ್ದೇನೆ.

ಅಂದಿನಿಂದ ಪ್ರಾರ್ಥನೆ ಬರೆಯುವುದನ್ನು ಬಿಟ್ಟೆ. ಓದುವುದನ್ನು ಬಿಡಲಿಲ್ಲ. ಹಬ್ಬದ ಹಿಂದಿನ ದಿನ ಅಮ್ಮ, “ಕಾಗದದಲ್ಲಿ ಬರ್ಕೊಂಡು ಹೋಗು, ನಡುವೆ ನಿಂತ್ರೆ ಕಷ್ಟ” ಎಂದರು. ಬೇಡ ಎಂದೆ. ಧೈರ್ಯದಿಂದ ಹೇಳಿದ್ದಲ್ಲ, ಬರೆದದ್ದು ಓದಿದರೆ ಅದು ನನ್ನ ಮಾತು ಆಗುವುದಿಲ್ಲ ಎಂದು ಎರಡು ಹಾಳೆ ಒಲೆಗೆ ಹಾಕಿ ಕಂಡುಕೊಂಡಿದ್ದೆ.

ಹಬ್ಬದ ದಿನ ವೇದಿಕೆಯ ಮುಂದೆ ಭತ್ತದ ಮೂಟೆ, ಒಣಗಿದ ಕಾಫಿ, ಕರಿಮೆಣಸು, ಕಿತ್ತಳೆ ಬುಟ್ಟಿ, ಬಾಳೆಗೊನೆ, ಕಾಲು ಕಟ್ಟಿದ ಕೋಳಿಗಳು. ತಮಿಳು, ಮಲಯಾಳ, ತುಳು ಮನೆಮಾತಿನವರೆಲ್ಲ ಕನ್ನಡದ ಆರಾಧನೆಗೆ ಕೂತಿದ್ದರು. ಹೆಂಗಸರ ಬೆರಳ ತುದಿಗಳಲ್ಲಿ ಕಾಫಿ ಹಣ್ಣಿನ ಕಪ್ಪು ಇನ್ನೂ ಹೋಗಿರಲಿಲ್ಲ. ಉಪದೇಶಿಗಳು ನನ್ನ ಕಡೆ ತಲೆಯಾಡಿಸಿದರು.

ಎದ್ದು ನಿಂತೆ. ಕಣ್ಣು ಮುಚ್ಚಿದೆ. ಒಂದು ಕೋಳಿ ರೆಕ್ಕೆ ಬಡಿಯಿತು. ಆಮೇಲೆ, “ದೇವರೇ, ಇದೆಲ್ಲ ನೀನು ಕೊಟ್ಟದ್ದು” ಎಂದೆ. ಆ ವಾಕ್ಯ ನೆಟ್ಟಗಿತ್ತು. ಎರಡನೆಯದೂ ಬಂತು. “ಮಳೆ ಹೆಚ್ಚಾದಾಗ ನಿನ್ನನ್ನು ಬೈದೆವು, ಬಿಸಿಲು ಬಂದಾಗ ಮರೆತೆವು. ಆದರೂ ನೀನು ಕೊಟ್ಟೆ. ಕೊಯ್ದವರ ಕೈನೋವು ನಿನಗೆ ಗೊತ್ತು. ಇಲ್ಲಿಗೆ ಬರಲಾಗದೆ ಲೈನಿನಲ್ಲಿ ಮಲಗಿರುವವರ ಹತ್ತಿರ ನೀನೇ ಹೋಗು. ನನಗೆ ಇನ್ನು ಹೇಳಲು ತಿಳಿಯುತ್ತಿಲ್ಲ. ಉಳಿದದ್ದು ನಿನಗೆ ಗೊತ್ತಿದೆ.”

ಮುಗಿಯಿತು ಎಂದು ಯಾರಿಗೂ ತಿಳಿಯಲಿಲ್ಲ. ಇನ್ನೂ ಇದೆ ಎಂದುಕೊಂಡು ಎಲ್ಲರೂ ಕಣ್ಣು ಮುಚ್ಚಿಯೇ ಇದ್ದರು. ಕೊನೆಗೆ ಹಿಂದಿನ ಬೆಂಚಿನಿಂದ ಅಜ್ಜಿ “ಆಮೆನ್” ಎಂದಾಗ ಉಳಿದವರೂ ಎಂದರು.

ಏಲಂ ನಡೆಯುವಾಗ ಉಪದೇಶಿಗಳು ಹತ್ತಿರ ಬಂದು, “ಇಷ್ಟು ಚಿಕ್ಕದಾದ್ರೆ ಹೇಗಮ್ಮ? ಪಾದ್ರಿಗಳು ಅಷ್ಟು ದೂರದಿಂದ ಬಂದಿದ್ದಾರೆ” ಎಂದರು. ಮುಖದಲ್ಲಿ ನಗುವಿತ್ತು.

ಅಪ್ಪ ನನ್ನ ಪರವಾಗಿ, “ಸೆಕೆಗೆ ಕೋಳಿ ಸಾಯ್ತಿತ್ತು ಸಾರ್, ಹೊತ್ತಿಗೆ ಸರಿಯಾಗಿ ಬಿಟ್ಲು” ಎಂದರು. ಆಮೇಲೆ ಅವರು ಒಂದು ಕಿತ್ತಳೆ ಬುಟ್ಟಿಗೆ ಬೆಲೆ ಕೂಗಿದರು, ಯಾರೂ ಎದುರು ಕೂಗದೆ ಅದು ನಮಗೇ ಬಂತು. ಮನೆಗೆ ನಡೆಯುತ್ತಾ ಎಲ್ಲರೂ ತಿಂದೆವು. ತುಂಬಾ ಹುಳಿ.

ಮರುದಿನ ಬೆಳಿಗ್ಗೆ ಎದ್ದು ಎಂದಿನಂತೆ ಅಂಗಡಿಯ ಬಾಗಿಲ ಹತ್ತಿರದ ಬೆಂಚಿಗೆ ಹೋದೆ. ಹೊರಗೆ ಮಂಜು, ರಸ್ತೆಯ ಆಚೆ ಏನೂ ಕಾಣುತ್ತಿರಲಿಲ್ಲ. ಸಾಲಾಗಿ ಓದುತ್ತಾ ನಿಲ್ಲಿಸಿದ್ದ ಜಾಗಕ್ಕೆ ಮರಳಿದರೆ, ಅಂದಿನ ಪಾಲಿಗೆ ಬಂದದ್ದು ಬರೀ ವಂಶಾವಳಿ. ಇಂಥವನ ಮಗ ಇಂಥವನು ಎಂದು ಎರಡು ಪುಟ. ಓದಲು ಶುರುಮಾಡುವ ಮೊದಲು, ಯಾರೂ ಹೇಳಿಕೊಡದೆ, “ಇವತ್ತು ಬರೀ ಹೆಸರುಗಳೇ ಇವೆ. ಆದರೂ ಬಂದಿದ್ದೇನೆ, ನೀನೂ ಕೂತ್ಕೋ” ಎಂದೆ. ಹೇಳಿದ ಮೇಲೆ ಸುತ್ತ ನೋಡಿದೆ. ಯಾರೂ ಇರಲಿಲ್ಲ. ಮೊದಲ ಹೆಸರಿನಿಂದ ಓದತೊಡಗಿದೆ.